ಹಳೆಯ ಬೊಲೆರೊ ಕ್ಯಾಂಪರ್, ಜೊತೆಗೊಂದು ಮುಧೋಳ ನಾಯಿ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನ್ನ ಹತ್ತಿರ 2012ರ ಮಹೀಂದ್ರ ಬೊಲೆರೊ ಕ್ಯಾಂಪರ್ ಇದೆ, ಡಬಲ್ ಕ್ಯಾಬಿನ್, ಎ.ಸಿ. ಇಲ್ಲ. ಇಷ್ಟು ವರ್ಷ ಹೊಲದ ಕೆಲಸಕ್ಕೆ, ಮಾರ್ಕೆಟ್ಟಿಗೆ ಮಾಲು ಒಯ್ಯಲು ಓಡಿಸಿದ್ದೇನೆ. ಈಗ ಹೊಲದ ಜವಾಬ್ದಾರಿ ಮಗ ನೋಡಿಕೊಳ್ಳುತ್ತಾನೆ, ನನಗೆ ಬಿಡುವಿದೆ. ನಾಲ್ಕು ವರ್ಷದ ಮುಧೋಳ ನಾಯಿ ಬಿಜಲಿಯನ್ನು (24 ಕೆ.ಜಿ.) ಕರೆದುಕೊಂಡು ಮಲೆನಾಡು, ಕರಾವಳಿ ಸುತ್ತಬೇಕು, ಗಾಡಿಯಲ್ಲೇ ಮಲಗಬೇಕು ಅಂತ ಆಸೆ. ಹಿಂದಿನ ಬಾಡಿಗೆ ಫೈಬರ್ ಮುಚ್ಚಳ ಹಾಕಿಸಿ, ಪ್ರಯಾಣದಲ್ಲಿ ನಾಯಿಯನ್ನು ಅದರೊಳಗೆ ಬಿಡೋಣ, ನಾನು ಮೇಲೆ ರೂಫ್ ಟೆಂಟ್ ಹಾಕಿಕೊಂಡು ಮಲಗೋಣ ಅಂತ ಯೋಚನೆ. ಸರಿಯೇ? ಯಾವುದಕ್ಕೆ ಮೊದಲು ದುಡ್ಡು ಹಾಕಲಿ?
— ಒಬ್ಬ ಓದುಗರು, ಮುಧೋಳ

ಉತ್ತರ: ನಿಮ್ಮ ಯೋಜನೆಯಲ್ಲಿ ಎರಡು ವಿಷಯ ಬದಲಾಗಬೇಕು. ಗಾಡಿ ಓಡುವಾಗ ಬಿಜಲಿ ಹಿಂದಿನ ಬಾಡಿಯಲ್ಲಿ ಇರಬಾರದು, ಕ್ಯಾಬಿನ್ನಿನ ಹಿಂದಿನ ಸೀಟಿನಲ್ಲಿ ನಿಮ್ಮ ಜೊತೆಗೇ ಇರಬೇಕು. ರೂಫ್ ಟೆಂಟ್ ಬೇಡ. ಏಳಡಿ ಎತ್ತರದ ಏಣಿಯನ್ನು ನಾಯಿ ಹತ್ತಲಾರದು. ನೀವು ಮೇಲೆ, ಅದು ಕೆಳಗೆ ಒಂಟಿಯಾಗಿ ಎಂದಾದರೆ ಮಲೆನಾಡಿನ ರಾತ್ರಿಗಳಲ್ಲಿ ಇಬ್ಬರಿಗೂ ನಿದ್ದೆ ಬರುವುದಿಲ್ಲ. ಉಳಿದಂತೆ ನಿಮ್ಮ ಆಯ್ಕೆ ಚೆನ್ನಾಗಿದೆ. ಡಬಲ್ ಕ್ಯಾಬಿನ್ ಪಿಕಪ್ ನಾಯಿ ಸಾಕಿದವರಿಗೆ ಹೇಳಿ ಮಾಡಿಸಿದ ಗಾಡಿ. ಮನುಷ್ಯರ ಜಾಗ ಬೇರೆ, ಕೆಸರು ಮೆತ್ತಿದ ಸಾಮಾನಿನ ಜಾಗ ಬೇರೆ. ಬೊಲೆರೊ ಬಿಡಿಭಾಗ ಸಿಗದ ಊರು ಕರ್ನಾಟಕದಲ್ಲಿ ಹುಡುಕಬೇಕು.

ಇಂಥ ಗಾಡಿ ಸಿದ್ಧಪಡಿಸುವಾಗ ಬಹಳ ಜನ ಹಾಸಿಗೆ, ಲೈಟು, ಮೇಲಿನ ಕ್ಯಾರಿಯರ್‌ನಿಂದ ಶುರು ಮಾಡುತ್ತಾರೆ. ನಾಯಿಗೆ ಕೊನೆಯಲ್ಲಿ ಉಳಿದ ಮೂಲೆ ಸಿಗುತ್ತದೆ. ನಾನು ಹೇಳುವುದು ತಿರುವುಮುರುವು. ಮೊದಲು ಹಳೆ ಗಾಡಿಯ ಆರೋಗ್ಯ, ಆಮೇಲೆ ನಾಯಿಯ ಜಾಗ ಮತ್ತು ಅದರ ತಂಪು, ಎಲ್ಲ ಮುಗಿದ ಮೇಲೆ ನಿಮ್ಮ ಹಾಸಿಗೆ. ನಿಮಗೆ ಸೆಕೆಯಾದರೆ ಗಾಡಿ ನಿಲ್ಲಿಸಿ ಇಳಿಯುತ್ತೀರಿ. ನಾಯಿ ನೀವು ಇಟ್ಟ ಜಾಗದಲ್ಲೇ ಇರಬೇಕು.

ಗಾಡಿಯ ವಿಷಯ ನಿಮಗೆ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಬಯಲುಸೀಮೆಯ ರಸ್ತೆಯಲ್ಲಿ ಸುಮ್ಮನಿದ್ದ ತೊಂದರೆಗಳು ಘಾಟಿಯಲ್ಲಿ ಎದ್ದು ಕೂರುತ್ತವೆ. ರೇಡಿಯೇಟರ್ ಹೋಸ್ ಪೈಪುಗಳನ್ನು ಕೈಯಲ್ಲಿ ಹಿಸುಕಿ ನೋಡಿ. ಬಿರುಕಿದ್ದರೆ, ತುದಿ ಮೆತ್ತಗಾಗಿ ಉಬ್ಬಿದ್ದರೆ ಬದಲಾಯಿಸಿ. ಕೂಲಂಟ್, ಫ್ಯಾನ್ ಬೆಲ್ಟ್ ಹೊಸದಾಗಲಿ. ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿಸಿ ಲೈನರ್ ನೋಡಿಸಿ, ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಪೂರ್ತಿ ಬದಲಿಸಿ. ಹಳೆ ಆಯಿಲ್ ನೀರಿನಂಶ ಹೀರಿಕೊಂಡಿರುತ್ತದೆ. ಉದ್ದ ಇಳಿಜಾರಿನಲ್ಲಿ ಕಾದಾಗ ಅದು ಕುದಿದು ಪೆಡಲ್ ಸಡಿಲವಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ. 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು ಎಂದರ್ಥ. ಪಿಕಪ್ ಟೈರು ಸವೆದಿಲ್ಲದಿದ್ದರೂ ಬಿಸಿಲಿಗೆ ಒಣಗಿ ಸೀಳಿರುತ್ತದೆ, ಸ್ಟೆಪ್ನಿಯನ್ನೂ ಮರೆಯದೆ ನೋಡಿ.

ಕಮಾನು ಪ್ಲೇಟಿನ (ಲೀಫ್ ಸ್ಪ್ರಿಂಗ್) ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಅದು ನೇರವಾಗಿ ನಾಯಿಗೆ ತಾಗುವಂಥದ್ದು. ಈ ಗಾಡಿಯ ಹಿಂದಿನ ಕಮಾನು ಮಾಲು ಹೊರಲೆಂದೇ ಕಟ್ಟಿದ್ದು. ಖಾಲಿ ಗಾಡಿ ಗುಂಡಿಗೆ ಬಿದ್ದರೆ ಹಿಂಭಾಗ ಎಗರುತ್ತದೆ, ಅದರ ಜೊತೆ ಅಲ್ಲಿರುವ ಎಲ್ಲವೂ ಎಗರುತ್ತದೆ. ಮೆತ್ತಗಾಗಲೆಂದು ಒಂದು ಪ್ಲೇಟ್ ತೆಗೆಸಿ ಅಂತ ಕೆಲವರು ಹೇಳಿಯಾರು, ತೆಗೆಸಬೇಡಿ. ಗಾಡಿಯ ಭಾರದ ಲೆಕ್ಕ ಆ ಪ್ಲೇಟುಗಳ ಮೇಲೆ ನಿಂತಿದೆ, ನಾಳೆ ಮಗ ಮತ್ತೆ ಮಾಲು ಹೇರಿದರೆ ಉಳಿದವು ಮುರಿಯುತ್ತವೆ. ಅದರ ಬದಲು ನಾಲ್ಕೂ ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿ, ಕಮಾನಿನ ಬುಶ್ ಬದಲಿಸಿ, ಯು-ಬೋಲ್ಟ್ ಬಿಗಿ ಮಾಡಿಸಿ. ಟೈರಿನ ಗಾಳಿ ಭರ್ತಿ ಲೋಡಿಗೆ ಬೇರೆ, ಖಾಲಿಗೆ ಬೇರೆ. ಹೊಲದ ಕೆಲಸದ ಗಾಡಿಗಳಲ್ಲಿ ವರ್ಷವಿಡೀ ಲೋಡಿನ ಗಾಳಿಯೇ ಇರುತ್ತದೆ. ಗಾಡಿಯ ಕೈಪಿಡಿಯಲ್ಲಿರುವ ಕಡಿಮೆ ಲೋಡಿನ ಅಂಕಿಗೆ ಇಳಿಸಿ ಒಮ್ಮೆ ಓಡಿಸಿ ನೋಡಿ, ಅರ್ಧ ಕುಲುಕಾಟ ಅಲ್ಲೇ ಹೋಗುತ್ತದೆ. ನೀರಿನ ಕ್ಯಾನು, ಸಾಮಾನಿನ ಪೆಟ್ಟಿಗೆಗಳನ್ನು ಬಾಡಿಯ ಮುಂಭಾಗಕ್ಕೆ, ಕ್ಯಾಬಿನ್ನಿಗೆ ತಾಗಿಸಿ ಕೆಳಮಟ್ಟದಲ್ಲಿಡಿ.

ಈಗ ಬಿಜಲಿಯ ಜಾಗ. ಹಿಂದಿನ ಬಾಡಿ ಯಾಕೆ ಬೇಡವೆಂದರೆ, ಮುಚ್ಚಳ ಹಾಕಿದ ಬಾಡಿಯೊಳಗೆ ಅದು ಏದುಸಿರು ಬಿಡುತ್ತಿದೆಯೇ, ವಾಂತಿ ಮಾಡಿಕೊಂಡಿದೆಯೇ ಎಂಬುದು ಸ್ಟೀರಿಂಗ್ ಹಿಡಿದ ನಿಮಗೆ ಗೊತ್ತಾಗುವುದಿಲ್ಲ. ಸೈಲೆನ್ಸರ್ ಪೈಪು ಬಾಡಿಯ ಅಡಿಯಲ್ಲೇ ಹಾದು ಹೋಗುವುದರಿಂದ ತಗಡು ಕೆಳಗಿನಿಂದ ಕಾಯುತ್ತದೆ, ಮೇಲಿನಿಂದ ಬಿಸಿಲು. ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಹಿಂದಿನ ಬಾಗಿಲು ಅಥವಾ ತಾಡಪತ್ರಿಯ ಪರದೆ ತೆರೆದಿದ್ದರೆ ಹೊಗೆ ತಿರುಗಿ ಒಳಗೇ ನುಗ್ಗುತ್ತದೆ. ಗಾಳಿಯಾಡಲಿ ಎಂದು ತೆರೆದಿಟ್ಟ ಬಾಗಿಲೇ ಹೊಗೆಯ ದಾರಿಯಾಗುತ್ತದೆ. ತೆರೆದ ಬಾಡಿಯಲ್ಲಿ ಹಗ್ಗ ಕಟ್ಟಿ ನಿಲ್ಲಿಸುವುದಂತೂ ಇನ್ನೂ ಅಪಾಯ. ಅದು ಬೇಟೆನಾಯಿ, ದೂರದಲ್ಲಿ ಮೊಲವೊಂದು ಅಲ್ಲಾಡಿದರೂ ಜಿಗಿಯುತ್ತದೆ. ಹಗ್ಗ ಉದ್ದವಿದ್ದರೆ ರಸ್ತೆಗೆ ಬೀಳುತ್ತದೆ, ಗಿಡ್ಡವಿದ್ದರೆ ಕುತ್ತಿಗೆಗೆ ನೇಣಾಗುತ್ತದೆ.

ಹಿಂದಿನ ಸೀಟಿನಲ್ಲಿ ಹೀಗೆ ಮಾಡಿ. ಸೀಟಿನ ಮುಂದಿರುವ ಕಾಲಿಡುವ ತಗ್ಗನ್ನು ತುಂಬಿಸಬೇಕು. ಇಲ್ಲದಿದ್ದರೆ ಪ್ರತಿ ಬ್ರೇಕಿಗೂ ನಾಯಿ ಅದರೊಳಗೆ ಜಾರುತ್ತದೆ. 12 ಮಿ.ಮೀ. ಪ್ಲೈವುಡ್ ಹಲಗೆಯೊಂದನ್ನು ಸೀಟಿನ ಮಟ್ಟಕ್ಕೆ ಬರುವಂತೆ ಕಾಲು ಕೊಟ್ಟು ಕೂರಿಸಿದರೆ ಸೀಟೂ ಹಲಗೆಯೂ ಸೇರಿ ಒಂದು ಸಮತಟ್ಟು ಕಟ್ಟೆಯಾಗುತ್ತದೆ, ಕೆಳಗೆ ಬಟ್ಟೆಚೀಲ ಇಡಲು ಜಾಗವೂ ಸಿಗುತ್ತದೆ. ಮೇಲೆ ಜಾರದ ರಬ್ಬರ್ ಶೀಟು, ಅದರ ಮೇಲೆ ಮೂರು-ನಾಲ್ಕು ಇಂಚು ದಪ್ಪದ ಗಟ್ಟಿ ಫೋಮ್, ಒಗೆಯಬಹುದಾದ ಕವರ್. ಬೇರೆ ತಳಿಯ ನಾಯಿಗೆ ಗೋಣಿಚೀಲ ಹಾಸಿದರೂ ನಡೆದೀತು. ಮುಧೋಳ ನಾಯಿಯ ಮೈಯಲ್ಲಿ ಕೊಬ್ಬಿಲ್ಲ, ಮೊಣಕೈ ಮೂಳೆಗೂ ನೆಲಕ್ಕೂ ನಡುವೆ ತೊಗಲು ಬಿಟ್ಟರೆ ಏನೂ ಇಲ್ಲ. ಗಟ್ಟಿ ಜಾಗದಲ್ಲಿ ದಿನಗಟ್ಟಲೆ ಕುಲುಕಿದರೆ ಅಲ್ಲಿ ಹುಣ್ಣಾಗುತ್ತದೆ.

ಕಟ್ಟುವುದು ಕೊರಳಪಟ್ಟಿಗಲ್ಲ, ಎದೆಯ ಹಾರ್ನೆಸ್ಸಿಗೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಗುದ್ದಿ ನಿಂತರೆ ಕಟ್ಟದ ನಾಯಿ ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟೇ ರಭಸದಲ್ಲಿ ಮುಂದಿನ ಸೀಟಿಗೆ ಅಪ್ಪಳಿಸುತ್ತದೆ, ಅಂದರೆ ಮೂರಂತಸ್ತಿನ ಮನೆಯ ಮಾಳಿಗೆಯಿಂದ ಬಿದ್ದಂತೆ. ಆ ಸೀಟಿನಲ್ಲಿ ಕೂತಿರುವವರು ನೀವು. ಎದೆಭಾಗ ಅಗಲವಾಗಿ, ಒಳಗೆ ಮೆತ್ತೆಯಿರುವ ಹಾರ್ನೆಸ್ ತೆಗೆದುಕೊಳ್ಳಿ. ಹುಕ್ಕು ಲೋಹದ್ದಾಗಿರಲಿ, ಪ್ಲಾಸ್ಟಿಕ್ ಬಕಲ್ ಮೇಲೆ ಭಾರ ಬೀಳದ ಹೊಲಿಗೆಯಾಗಿರಲಿ. ಗಿಡ್ಡ ಪಟ್ಟಿಯಿಂದ ಅದನ್ನು ಸೀಟ್‌ಬೆಲ್ಟಿನ ಬೋಲ್ಟಿಗೇ ಜೋಡಿಸಿ. ನಾಯಿ ಏಳಬಹುದು, ತಿರುಗಿ ಮಲಗಬಹುದು, ಕಿಟಕಿಯ ಹೊರಗೆ ತಲೆ ಹಾಕಲಾಗಬಾರದು, ಅಷ್ಟು ಉದ್ದ ಸಾಕು. ಮುಧೋಳ ನಾಯಿಗೆ ಇನ್ನೊಂದು ಮಾತು ಸೇರಿಸಬೇಕು. ಅದರ ತಲೆ ಕೊರಳಿಗಿಂತ ಸಪೂರ. ಮಾಮೂಲಿ ಕೊರಳಪಟ್ಟಿಯಿಂದ ಹಿಂದಕ್ಕೆ ಎಳೆದು ಒಂದೇ ಕ್ಷಣದಲ್ಲಿ ತಲೆ ಕಳಚಿಕೊಳ್ಳುತ್ತದೆ. ನಿಮ್ಮೂರಿನಲ್ಲಿ ಕಳಚಿಕೊಂಡರೆ ಸಂಜೆಗೆ ಮನೆಗೆ ಬರುತ್ತದೆ. ಯಲ್ಲಾಪುರದ ಕಾಡಂಚಿನಲ್ಲಿ ಕಳಚಿಕೊಂಡರೆ ಅದಕ್ಕೆ ಮನೆ ಯಾವ ದಿಕ್ಕೆಂದೇ ಗೊತ್ತಿರುವುದಿಲ್ಲ. ಎಳೆದರೆ ಬಿಗಿಯಾಗಿ ಬಿಟ್ಟರೆ ಸಡಿಲವಾಗುವ ಮಾರ್ಟಿಂಗೇಲ್ ಪಟ್ಟಿ ಕೊರಳಿಗೆ ಹಾಕಿ, ಅದರಲ್ಲಿ ನಿಮ್ಮ ಫೋನ್ ನಂಬರ್ ಕೆತ್ತಿದ ಬಿಲ್ಲೆ ಇರಲಿ.

ಇನ್ನು ಸೆಕೆ. ನನ್ನ ಮಟ್ಟಿಗೆ ಇಡೀ ಉತ್ತರದಲ್ಲಿ ಇದೇ ಮುಖ್ಯ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿಯಲ್ಲಿ ಅಲ್ಪಸ್ವಲ್ಪ ಬಿಟ್ಟರೆ ಉಳಿದ ಬಿಸಿಯೆಲ್ಲ ಏದುಸಿರಿನ ಮೂಲಕವೇ ಹೊರಹೋಗಬೇಕು. ಸುತ್ತಲಿನ ಗಾಳಿಯೇ ಬಿಸಿಯಾಗಿ, ತೇವವಾಗಿ ಇದ್ದರೆ ಆ ಉಪಾಯವೂ ನಡೆಯುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಒಣ ಬಿಸಿಲಿಗೆ ಒಗ್ಗಿದ ನಾಯಿ ಅಂಕೋಲಾದ 33 ಡಿಗ್ರಿಯ ಜಿಗುಟು ಸೆಕೆಯಲ್ಲಿ ಸುಸ್ತಾಗುವುದು ಇದಕ್ಕೇ. ಅಂಕಿ ಕಡಿಮೆ ಇದೆ ಎಂದು ಮೋಸ ಹೋಗಬೇಡಿ.

ನಿಲ್ಲಿಸಿದ ಗಾಡಿಯೊಳಗೆ ಬಿಡುವ ಪ್ರಶ್ನೆಯೇ ಬೇಡ. ಹೊರಗೆ 24 ಡಿಗ್ರಿ ಇರುವ ಹಿತವಾದ ದಿನವೂ ಬಿಸಿಲಿಗೆ ನಿಂತ ಗಾಡಿಯ ಒಳಗೆ 10 ನಿಮಿಷದಲ್ಲಿ 34 ಡಿಗ್ರಿ, ಅರ್ಧ ಗಂಟೆಯಲ್ಲಿ 43 ಡಿಗ್ರಿಯ ಹತ್ತಿರ ಬರುತ್ತದೆ. ಕಿಟಕಿ ನಾಲ್ಕು ಬೆರಳು ಇಳಿಸಿದರೆ ಹೆಚ್ಚೇನೂ ವ್ಯತ್ಯಾಸವಾಗದು. ಹೋಟೆಲಿನಲ್ಲಿ ಊಟಕ್ಕೆ ನಿಂತರೆ ನಾಯಿ ಇಳಿಯಬೇಕು, ಇಲ್ಲವೇ ಊಟ ಗಾಡಿಯ ಹತ್ತಿರಕ್ಕೆ ಬರಬೇಕು. ನಿಮ್ಮದು ಎ.ಸಿ. ಇಲ್ಲದ ಗಾಡಿ. ಅದಕ್ಕೆ ಹೊಸದಾಗಿ ಎ.ಸಿ. ಕೂರಿಸುವುದಕ್ಕಿಂತ ಗಡಿಯಾರ ಬದಲಿಸುವುದು ಸುಲಭ. ಬೆಳಗ್ಗೆ ಐದಕ್ಕೆ ಹೊರಡಿ, ಹತ್ತೂವರೆಗೆ ನೆರಳು ಹುಡುಕಿ ನಿಲ್ಲಿಸಿ, ಸಂಜೆ ನಾಲ್ಕರ ಮೇಲೆ ಮತ್ತೆ ಹೊರಡಿ. ಮಾರ್ಚ್‌ನಿಂದ ಮೇ ತನಕ ಕರಾವಳಿ ಬೇಡವೇ ಬೇಡ. ಕ್ಯಾಬಿನ್ನಿನ ಮಾಡಿಗೆ ಬಿಳಿ ಬಣ್ಣ ಹೊಡೆಸಿ, ಒಳಗಡೆ ಮಾಡಿನ ಬಟ್ಟೆ ಬಿಚ್ಚಿ ಇನ್ಸುಲೇಶನ್ ಶೀಟ್ ಅಂಟಿಸಿ. ಹಿಂದಿನ ಸೀಟಿನತ್ತ ಮುಖ ಮಾಡಿದ 12 ವೋಲ್ಟಿನ ಒಂದು ಫ್ಯಾನ್ ಹಾಕಿಸಿ. ಇವಿಷ್ಟಕ್ಕೆ ಖರ್ಚು ಕಡಿಮೆ, ಫಲ ಹೆಚ್ಚು. ಪಕ್ಕದ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬೇಡಿ. ನಿಂತಾಗ ಮಾತ್ರ ಹಾಕುವ ಹೊಳೆಯುವ ಶೀಟು ಕತ್ತರಿಸಿಟ್ಟುಕೊಂಡರೆ ಆಯಿತು.

ಬಿಸಿಲು ಬಡಿದಿದೆ ಎಂದು ತಿಳಿಯುವುದು ನಾಲಗೆಯಿಂದ. ಆರಾಮಾಗಿರುವ ನಾಯಿಯ ನಾಲಗೆ ಕಿರಿದಾಗಿ ಹೊರಗಿರುತ್ತದೆ. ತುಂಬ ಬಿಸಿಯೇರಿದಾಗ ಅದರ ತುದಿ ಸೌಟಿನ ಹಾಗೆ ಅಗಲವಾಗಿ ಜೋತುಬೀಳುತ್ತದೆ. ಒಸಡು ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ಇನ್ನು ಒಂದು ಕ್ಷಣವೂ ಕಾಯಬಾರದು. ನಾಯಿಯ ಸಹಜ ಮೈಬಿಸಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೆ ಕುತ್ತು. ಮೊದಲು ತಣಿಸಿ, ಆಮೇಲೆ ಡಾಕ್ಟರ ಬಳಿ ಓಡಿ. ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಕಂಕುಳಿಗೆ ಕ್ಯಾನಿನ ನೀರು ಸುರಿಯುತ್ತಲೇ ಇರಿ, ರಟ್ಟೋ ಟವೆಲ್ಲೋ ಸಿಕ್ಕಿದ್ದರಲ್ಲಿ ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಟ್ಟುಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಗುದದ್ವಾರದಲ್ಲಿ ಇಡುವ ಒಂದು ಡಿಜಿಟಲ್ ಥರ್ಮಾಮೀಟರ್ ಗಾಡಿಯಲ್ಲಿರಲಿ. 39.5ಕ್ಕೆ ಇಳಿದಾಗ ನೀರು ಹಾಕುವುದನ್ನು ನಿಲ್ಲಿಸಿ. ಚೇತರಿಸಿಕೊಂಡಂತೆ ಕಂಡರೂ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಕಿಡ್ನಿ, ಕರುಳಿನ ಏಟು ಮರುದಿನ ಕಾಣಿಸಿಕೊಳ್ಳುತ್ತದೆ.

24 ಕೆ.ಜಿ. ನಾಯಿಗೆ ಸಾಮಾನ್ಯ ದಿನ ಒಂದೂಕಾಲು-ಒಂದೂವರೆ ಲೀಟರ್ ನೀರು ಬೇಕು, ಬಿಸಿಲಿನಲ್ಲಿ ಓಡಾಡಿದರೆ ಅದರ ಎರಡರಷ್ಟು. ನಿಮ್ಮ ಕುಡಿಯುವ ನೀರು, ಅಡುಗೆ, ಮೇಲೆ ಹೇಳಿದ ತುರ್ತು, ಎಲ್ಲ ಸೇರಿ 20 ಲೀಟರಿನ ಎರಡು ಕ್ಯಾನ್ ಇಟ್ಟುಕೊಳ್ಳಿ. ಊಟ ಮನೆಯಲ್ಲಿ ಹಾಕುವುದನ್ನೇ ಹಾಕಿ. ರೊಟ್ಟಿ-ಹಾಲು, ಮೊಟ್ಟೆ ರೂಢಿಯಿದ್ದರೆ ಅದೇ ಇರಲಿ, ಪ್ರವಾಸದಲ್ಲಿ ಹೊಸ ಆಹಾರ ಬೇಡ. ಮುಧೋಳ ನಾಯಿಯಂಥ ಆಳವಾದ ಎದೆಯ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ಹಾಗಾಗಿ ಹೊರಡುವ ಮೂರು-ನಾಲ್ಕು ಗಂಟೆ ಮೊದಲೇ ಊಟ ಮುಗಿದಿರಲಿ. ಹಗಲು ನೆರಳಿಗೆ ನಿಂತ ಕೂಡಲೇ ಹಗುರವಾಗಿ ಹಾಕಿ, ಮುಖ್ಯ ಊಟ ರಾತ್ರಿ ಗಾಡಿ ನಿಂತ ಮೇಲೆ. ಉಂಡ ತಕ್ಷಣ ಓಡಲು ಬಿಡಬಾರದು. ಘಾಟಿ ತಿರುವಿನಲ್ಲಿ ವಾಂತಿಯಾಗುವ ತೊಂದರೆಯೂ ಇದರಿಂದ ಕಡಿಮೆಯಾಗುತ್ತದೆ. ನಿಮ್ಮ ಪಲ್ಯದ ಈರುಳ್ಳಿ, ಪ್ರವಾಸಕ್ಕೆಂದು ಕಟ್ಟಿಕೊಂಡ ಒಣದ್ರಾಕ್ಷಿ ಎರಡೂ ನಾಯಿಗೆ ವಿಷ.

ಹಿಂದಿನ ಬಾಡಿಗೆ ಬರೋಣ. ಫೈಬರ್ ಮುಚ್ಚಳದ ಬದಲು ನಾನು ಕ್ಯಾನ್ವಾಸ್ ಹುಡ್ಡನ್ನೇ ಆಯ್ದುಕೊಳ್ಳುತ್ತೇನೆ. ಗಾಜಿನ ಕಿಟಕಿಯ ಫೈಬರ್ ಮುಚ್ಚಳ ಬಿಸಿಲಿನಲ್ಲಿ ಒಲೆಯಾಗುತ್ತದೆ. ಕ್ಯಾನ್ವಾಸನ್ನು ಬದಿಗಳಲ್ಲಿ ಸುತ್ತಿ ಮೇಲೆ ಕಟ್ಟಬಹುದು, ಹರಿದರೆ ಯಾವ ಊರಿನ ಸೀಟ್ ಹೊಲಿಯುವವನೂ ಹೊಲಿದುಕೊಡುತ್ತಾನೆ. ಪೈಪಿನ ಚೌಕಟ್ಟನ್ನು ಬಾಡಿಗೆ ವೆಲ್ಡ್ ಮಾಡಿಸದೆ ಬೋಲ್ಟಿನಿಂದ ಕೂರಿಸಿ. ಒಳಗೆ ತಿಳಿಬಣ್ಣದ ಕ್ಯಾನ್ವಾಸ್, ಅದರ ಮೇಲೆ ಒಂದು ಗೇಣು ಬಿಟ್ಟು ಇನ್ನೊಂದು ತಾಡಪತ್ರಿ. ನಡುವೆ ಗಾಳಿ ಹಾಯುವುದರಿಂದ ಹಗಲು ಬಿಸಿ ಒಳಗೆ ಬರುವುದಿಲ್ಲ, ರಾತ್ರಿ ಇಬ್ಬನಿ ಒಳಗೆ ತೊಟ್ಟಿಕ್ಕುವುದಿಲ್ಲ. ಎರಡು ಕಡೆ ಸೊಳ್ಳೆಪರದೆಯ ಕಿಂಡಿ ಬೇಕು, ಒಂದು ಮುಂದೆ ಕೆಳಗೆ, ಒಂದು ಹಿಂದೆ ಮೇಲೆ. ಕಿಂಡಿ ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯಲು ಹೊಲಿಸುವ ಮುಂಚೆ ಪಿನ್ನು ಚುಚ್ಚಿ ಹುಡ್ ಮುಚ್ಚಿ, ಒಳಗೆ ಕೂತು ಊದಿನಕಡ್ಡಿ ಹಚ್ಚಿ. ನಾಯಿ ಮಲಗುವ ಮಟ್ಟದಲ್ಲಿ ಹಿಡಿದರೆ ಹೊಗೆ ಒಂದು ದಿಕ್ಕಿಗೆ ಎಳೆದುಕೊಂಡು ಮೇಲಿನ ಕಿಂಡಿಯಿಂದ ಹೊರಗೆ ಹೋಗಬೇಕು. ಅಲ್ಲೇ ಸುತ್ತುತ್ತಾ ನಿಂತರೆ ಕಿಂಡಿ ಸಾಲದು ಅಥವಾ ಜಾಗ ತಪ್ಪು.

ಸೈಲೆನ್ಸರ್ ಪೈಪಿನ ಪರೀಕ್ಷೆಯನ್ನೂ ಅದೇ ದಿನ ಮುಗಿಸಿ. ತಣ್ಣಗಿನ ಎಂಜಿನ್ ಶುರು ಮಾಡಿ, ಒಬ್ಬರು ಒದ್ದೆ ಬಟ್ಟೆಯ ಉಂಡೆಯಿಂದ ಪೈಪಿನ ಬಾಯಿಯನ್ನು ಎರಡು ಕ್ಷಣ ಅದುಮಲಿ, ಇನ್ನೊಬ್ಬರು ಗಾಡಿಯ ಪಕ್ಕ ಬಗ್ಗಿ ಕೇಳಲಿ. ನಡುವೆ ಎಲ್ಲಾದರೂ ‘ಫುಸ್’ ಎಂದರೆ ಜೋಡಣೆ ಅಥವಾ ತಗಡು ತೂತಾಗಿದೆ. ಅದನ್ನು ಸರಿ ಮಾಡಿಸದೆ ಹಿಂದೆ ಮಲಗುವ ಮಾತೇ ಬೇಡ. ಮಲಗಿದಾಗ ಎಂಜಿನ್ ಓಡಬಾರದು, ಚಳಿಯೆಂದು ಇದ್ದಿಲ ಒಲೆ ಹುಡ್ಡಿನೊಳಗೆ ಬರಬಾರದು. ಇದ್ದಿಲ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ.

ಡಬಲ್ ಕ್ಯಾಬಿನ್ ಗಾಡಿಯ ಬಾಡಿ ಉದ್ದದಲ್ಲಿ ಗಿಡ್ಡ, ಆಳು ಕಾಲು ಚಾಚಿ ಮಲಗುವಷ್ಟಿಲ್ಲ. ಟೈಲ್‌ಗೇಟ್ ಇಳಿಸಿ, ಅದರ ಮೇಲೂ ಚಾಚುವ ಹಲಗೆ ಮಾಡಿಸಬೇಕು. ಬಲಗಡೆ ಅರ್ಧ ಅಗಲಕ್ಕೆ ನಿಮ್ಮ ಹಲಗೆ, ಚಕ್ರದ ಉಬ್ಬಿಗಿಂತ ತುಸು ಎತ್ತರದಲ್ಲಿ, ಕೆಳಗೆ ಪೆಟ್ಟಿಗೆಗಳು. ಎಡಗಡೆ ಅರ್ಧ ಬಿಜಲಿಗೆ, ನೆಲಮಟ್ಟದಲ್ಲಿ. ಹಲಗೆಗೆ ಐ.ಎಸ್. 710 ಮುದ್ರೆಯಿರುವ 18 ಮಿ.ಮೀ. ಮೆರೈನ್ ಪ್ಲೈವುಡ್ ಬಳಸಿ. ಸಾದಾ ಪ್ಲೈ ಮಲೆನಾಡಿನ ಒಂದು ಮಳೆಗಾಲಕ್ಕೆ ಪದರ ಬಿಡುತ್ತದೆ. ಕಬ್ಬಿಣದ ಚೌಕಟ್ಟು 25 ಮಿ.ಮೀ. ಚೌಕ ಪೈಪಿನದು ಸಾಕು. ಮಡಚುವ ಎರಡು ಕಾಲು ಟೈಲ್‌ಗೇಟಿನಿಂದಾಚೆಯ ತುದಿಯನ್ನು ನೆಲದಿಂದ ಹೊರುವಂತೆ ಮಾಡಿಸಿ, ಟೈಲ್‌ಗೇಟಿನ ಸರಪಳಿಯ ಮೇಲೆ ಭಾರ ಬಿಡಬೇಡಿ. ಚಾಚಿದ ಭಾಗಕ್ಕೆ ಕ್ಯಾನ್ವಾಸ್ ಬಾಲ ಹೊಲಿಸಿದರೆ ಮುಚ್ಚಿಕೊಳ್ಳುತ್ತದೆ. ಬಿಜಲಿಯ ಜಾಗದಲ್ಲಿ ತಗಡಿನ ಮೇಲೆ ದಪ್ಪ ರಬ್ಬರ್ ಮ್ಯಾಟ್, ಅದರ ಮೇಲೆ ಕ್ಯಾಬಿನ್ನಿನದೇ ಫೋಮ್ ಹಾಸಿಗೆ. ತನ್ನ ವಾಸನೆಯಿರುವ ಹಾಸಿಗೆ ಸಿಕ್ಕರೆ ಹೊಸ ಜಾಗದಲ್ಲೂ ಬೇಗ ಮಲಗುತ್ತದೆ. ದಿನವಿಡೀ ಓಡಿ ನಿಂತ ಗಾಡಿಯ ತಗಡಿನ ಮೇಲೆ ಅಂಗೈ ಇಟ್ಟು ನಿಧಾನವಾಗಿ ಏಳರವರೆಗೆ ಎಣಿಸಿ. ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ, ಆರುವ ತನಕ ಹತ್ತಿಸಬೇಡಿ. ಮಧ್ಯಾಹ್ನದ ಡಾಂಬರಿಗೂ ಇದೇ ಪರೀಕ್ಷೆ.

ಡಿಸೆಂಬರ್-ಜನವರಿಯಲ್ಲಿ ಕೊಡಗು, ಚಿಕ್ಕಮಗಳೂರಿನ ರಾತ್ರಿ 12 ಡಿಗ್ರಿಗೂ ಇಳಿಯುತ್ತದೆ. ಬಿಜಲಿಯ ಗಿಡ್ಡ ಕೂದಲು, ಕೊಬ್ಬಿಲ್ಲದ ಮೈಗೆ ಅದು ನಿಜವಾದ ಚಳಿ. ಹೊಟ್ಟೆ ಮುಚ್ಚುವ ಉಣ್ಣೆಯ ಕೋಟೊಂದು ಹೊಲಿಸಿ.

ವಿದ್ಯುತ್ತಿನ ಲೆಕ್ಕ ಸಣ್ಣದು. 10 ವ್ಯಾಟಿನ ಫ್ಯಾನ್ ಎಂಟು ಗಂಟೆ ಓಡಿದರೆ 80 ವ್ಯಾಟ್-ಅವರ್, ದೀಪ ಮತ್ತು ಫೋನಿಗೆ 35 ಸೇರಿಸಿ. 12 ವೋಲ್ಟ್, 20 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ (ಸುಮಾರು 240 ವ್ಯಾಟ್-ಅವರ್) ಎರಡು ರಾತ್ರಿ ತಳ್ಳುತ್ತದೆ. ಗಾಡಿಯ ಬ್ಯಾಟರಿಯಿಂದ ರಾತ್ರಿ ಏನನ್ನೂ ಎಳೆಯಬೇಡಿ. ಓಡುವಾಗ ಎರಡನೇ ಬ್ಯಾಟರಿ ತುಂಬಲು ಡಿ.ಸಿ.-ಡಿ.ಸಿ. ಚಾರ್ಜರ್, ತಂತಿಗೆ ಬ್ಯಾಟರಿಯ ಬುಡದಲ್ಲೇ ಫ್ಯೂಸ್. ಅಡುಗೆಗೆ 5 ಕೆ.ಜಿ. ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಬಾಡಿಯಲ್ಲಿ ಕಟ್ಟಿ, ಮಲಗುವಾಗ ಹೊರಗಿಡಿ. ಗ್ಯಾಸ್ ಡಬ್ಬಿಗಳನ್ನು ಬಿಸಿಲಿಗೆ ನಿಂತ ಕ್ಯಾಬಿನ್ನಿನಲ್ಲಿ ಬಿಡಬೇಡಿ.

ಕಾನೂನಿನ ಮಾತು. ನಿಮ್ಮದು ಹಳದಿ ಬೋರ್ಡಿನ ಸರಕು ವಾಹನವಾಗಿದ್ದರೆ, ಎಂಟು ವರ್ಷ ದಾಟಿರುವುದರಿಂದ ಪ್ರತಿ ವರ್ಷ ಎಫ್.ಸಿ. (ಫಿಟ್‌ನೆಸ್ ಪ್ರಮಾಣಪತ್ರ) ಆಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್.ಸಿ.ಯಲ್ಲಿರುವ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ವೆಲ್ಡ್ ಮಾಡಿದ ಪೆಟ್ಟಿಗೆ ಮನೆ, ಎತ್ತರಿಸಿದ ಕಮಾನು, ಅಗಲದ ಟೈರು ಎಲ್ಲ ಇದರಡಿ ಬರುತ್ತವೆ. ಮುಂದಿನ ಬುಲ್ ಬಾರ್ ಬೇಡವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಹೇಳಿದೆ, ಹಳೆಯದಿದ್ದರೆ ಬಿಚ್ಚಿಸಿ. ಹುಡ್ ಹಾಕಿಸುವ ಮುನ್ನ ಆರ್.ಟಿ.ಒ. ಕಚೇರಿಗೆ ಅಳತೆ ತೋರಿಸಿ ಕೇಳಿಬಿಡಿ, ಇನ್ಶೂರೆನ್ಸಿನವರಿಗೂ ತಿಳಿಸಿ. ನಿಮ್ಮದು ಸಾದಾ ಎಲ್.ಎಂ.ವಿ. (ಲಘು ಮೋಟಾರು ವಾಹನ) ಲೈಸೆನ್ಸ್ ಆದರೂ ಚಿಂತೆಯಿಲ್ಲ, 7,500 ಕೆ.ಜಿ. ಒಳಗಿನ ಸಾರಿಗೆ ವಾಹನಕ್ಕೆ ಅದು ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಓಡುವ ಗಾಡಿಯ ಹಿಂದಿನ ಬಾಡಿಯಲ್ಲಿ ಯಾರೂ ಮಲಗಿರಬಾರದು.

ಮಲೆನಾಡಿಗೆ ಹೋಗುವ ಮುಂಚೆ ತಿಳಿದಿರಬೇಕಾದದ್ದು ಉಣ್ಣಿಯ ವಿಷಯ, ಅಲ್ಲಿನವರ ಮಾತಿನಲ್ಲಿ ಉಣುಗು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಚಳಿಗಾಲದಿಂದ ಬೇಸಿಗೆಯ ಕೊನೆಯ ತನಕ ಜೀವ ತೆಗೆಯುತ್ತಿದೆ. ಅದನ್ನು ಮನುಷ್ಯನಿಗೆ ದಾಟಿಸುವುದು ಉಣುಗು. ಕಾಡಿನಲ್ಲಿ ಅಡ್ಡಾಡಿದ ನಾಯಿ ತನ್ನ ಮೈಮೇಲೆ ಅದನ್ನು ಹೊತ್ತು ನಿಮ್ಮ ಹಾಸಿಗೆಗೆ ತರಬಹುದು. ಈಗ ಡಾಕ್ಟರು ಕೊಡುವ ಉಣ್ಣಿ ಮಾತ್ರೆಗಳು ಒಳ್ಳೆಯವೇ. ಆದರೆ ಉಣ್ಣಿ ನಾಯಿಯನ್ನು ಕಚ್ಚಿದ ಮೇಲಷ್ಟೇ ಅವು ಕೊಲ್ಲುತ್ತವೆ. ಕಚ್ಚದೆ ಕೂದಲ ಮೇಲೆ ಕೂತದ್ದು ಇಳಿದು ನಿಮ್ಮ ಮೇಲೆ ಹತ್ತಬಹುದು. ಆದ್ದರಿಂದ ಮಾತ್ರೆ ಕೊಟ್ಟರೂ ಪ್ರತಿ ಸಂಜೆ ಹುಡ್ಡಿನೊಳಗೆ ಹತ್ತಿಸುವ ಮುಂಚೆ ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ. ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಕೊರಳಪಟ್ಟಿಯ ಅಡಿ ಮರೆಯದೆ ನೋಡಿ. ನಿಮ್ಮ ಕೈಕಾಲಿಗೆ ಉಣುಗು ದೂರವಿಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಮಂಗ ಸತ್ತ ಸುದ್ದಿಯಿರುವ ಊರಿನ ಸುತ್ತ ಆ ಸಲ ಇಳಿಯಲೇ ಬೇಡಿ. ಪ್ರವಾಸ ಮುಗಿದ ಒಂದರಿಂದ ಮೂರು ವಾರದೊಳಗೆ ಬಿಜಲಿಗೆ ಜ್ವರ, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ ಕಂಡರೆ ಉಣ್ಣಿ ಜ್ವರವಿರಬಹುದು, ರಕ್ತ ಪರೀಕ್ಷೆ ಮಾಡಿಸಿ. ಇನ್ನು ಮಳೆಗಾಲದ ಇಂಬಳ ನೋಡಿ ಹೆದರುವಂಥದ್ದೇನಿಲ್ಲ, ಮೂಗಿನೊಳಗೆ ಹೋಗದಂತೆ ನೋಡಿಕೊಂಡರೆ ಸಾಕು.

ಚುಚ್ಚುಮದ್ದು ರೇಬಿಸ್‌ಗೆ ಮಾತ್ರ ಸಾಲದು. ಒದ್ದೆ ಸೀಮೆಗೆ ಹೋಗುವ ನಾಯಿಗೆ ಇಲಿಜ್ವರದ್ದೂ ಡಿಸ್ಟೆಂಪರಿನದ್ದೂ ಆಗಿರಬೇಕು. ಡಿಸ್ಟೆಂಪರ್ ವೈರಸ್ 2018ರಲ್ಲಿ ಗಿರ್ ಕಾಡಿನ ಸಿಂಹಗಳನ್ನೂ ಕೊಂದಿತು. ಬಿಜಲಿಯ ಚುಚ್ಚುಮದ್ದು ಅಲ್ಲಿನ ಕಾಡುಪ್ರಾಣಿಗಳ ರಕ್ಷಣೆಯೂ ಹೌದು.

ಹುಲಿ ಸಂರಕ್ಷಿತ ಪ್ರದೇಶ, ರಾಷ್ಟ್ರೀಯ ಉದ್ಯಾನಗಳ ಒಳಗೆ ಸಾಕುನಾಯಿಗೆ ಜಾಗವಿಲ್ಲ. ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗುವಂತೆಯೂ ಇಲ್ಲ. ದಾಂಡೇಲಿ-ಅಣಶಿ ಎಂದು ಮನಸ್ಸಿನಲ್ಲಿದ್ದರೆ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ದಾಂಡೇಲಿಯ ಕಾಳಿ ನದಿಯಲ್ಲಿ ಮೊಸಳೆಗಳಿವೆ, ದಂಡೆಗೆ ನಾಯಿಯನ್ನು ಬಿಡಲೇಬಾರದು. ಸರಿಯಾದ ಜಾಗವೆಂದರೆ ತೋಟದ ಮನೆಗಳು. ನಾಯಿಯಿದೆ, ಗಾಡಿಯಲ್ಲೇ ಮಲಗುತ್ತೇವೆ ಎಂದು ಫೋನಿನಲ್ಲೇ ಹೇಳಿ ಅಂಗಳದಲ್ಲಿ ಜಾಗ ಕೇಳಿ. ಅಲ್ಲೂ ಕತ್ತಲಾದ ಮೇಲೆ ಬಿಜಲಿಯನ್ನು ಹೊರಗೆ ಕಟ್ಟಬೇಡಿ. ಮಲೆನಾಡಿನ ಚಿರತೆಗೆ ನಾಯಿ ಇಷ್ಟದ ಬೇಟೆ, ಮನೆಯಂಗಳದಿಂದಲೇ ಎತ್ತಿಕೊಂಡು ಹೋಗುತ್ತದೆ. ಸಂಜೆಯ ಕೊನೆಯ ನಡಿಗೆ ಬೆಳಕಿರುವಾಗ ಮುಗಿಯಲಿ, ರಾತ್ರಿ ಹುಡ್ಡಿನ ಬಾಲ ಪೂರ್ತಿ ಮುಚ್ಚಿರಲಿ, ಒಳಗೂ ಹಾರ್ನೆಸ್ಸಿನ ಗಿಡ್ಡ ಪಟ್ಟಿ ಹಾಕಿಯೇ ಮಲಗಿಸಿ. ಹಂದಿಯ ಸದ್ದಿಗೆ ಕ್ಯಾನ್ವಾಸ್ ಸೀಳಿಕೊಂಡು ಓಡುವ ತಾಕತ್ತು ಮುಧೋಳ ನಾಯಿಗಿದೆ.

ಮೊದಲ ರಾತ್ರಿ ನಿಮ್ಮ ಹೊಲದಲ್ಲೇ ಆಗಲಿ. ಗಾಡಿ ಬಾವಿಯ ಹತ್ತಿರ ನಿಲ್ಲಿಸಿ, ಮನೆಯಿಂದ ಏನನ್ನೂ ತರಿಸಿಕೊಳ್ಳದೆ ಸಂಜೆಯಿಂದ ಬೆಳಗಿನ ತನಕ ಇದ್ದು ನೋಡಿ. ಏನು ಬೇಕಿಲ್ಲ, ಏನು ಕಡಿಮೆ ಬಿತ್ತು ಎಂಬ ಪಟ್ಟಿ ಅಲ್ಲೇ ಸಿದ್ಧವಾಗುತ್ತದೆ. ಅದಾದ ಮೇಲೆ ಹುಬ್ಬಳ್ಳಿ, ಯಲ್ಲಾಪುರ ದಾರಿಯಲ್ಲಿ ಒಂದು ರಾತ್ರಿ ತೋಟದಲ್ಲಿ ತಂಗಿ, ಮರುದಿನ ಬೆಳಗಿನ ತಂಪಿನಲ್ಲಿ ಅರಬೈಲ್ ಘಾಟಿಯನ್ನು ಎರಡನೇ ಗೇರಿನಲ್ಲಿ ಇಳಿದು ಅಂಕೋಲಾ ಸೇರುವ ದಾರಿ ನಿಮ್ಮ ಗಾಡಿಗೂ ಬಿಜಲಿಗೂ ಒಳ್ಳೆಯ ಪರೀಕ್ಷೆ. ನವೆಂಬರ್ ಕೊನೆ ಅದಕ್ಕೆ ಸರಿಯಾದ ಸಮಯ.

ಖರ್ಚಿನ ಕ್ರಮ ಕೇಳಿದ್ದೀರಿ. ಬ್ರೇಕು, ಟೈರು, ಶಾಕ್ ಅಬ್ಸಾರ್ಬರ್, ಸೈಲೆನ್ಸರ್ ಈ ತಿಂಗಳು. ಹಾರ್ನೆಸ್ಸು, ಹಿಂದಿನ ಸೀಟಿನ ಕಟ್ಟೆ, ಫ್ಯಾನು, ಚುಚ್ಚುಮದ್ದು ಮುಂದಿನ ತಿಂಗಳು. ಹುಡ್ಡು ಆಮೇಲೆ, ಹಲಗೆ ಕೊನೆಗೆ. ಹಲಗೆ ಇನ್ನೂ ಆಗಿರದಿದ್ದರೆ ಮೊದಲ ಸುತ್ತಿಗೆ ನೆಲದ ಟೆಂಟೇ ಸಾಕು, ಬಿಜಲಿ ನಿಮ್ಮ ಜೊತೆ ಒಳಗೇ ಮಲಗಲಿ. ಬಾಡಿಯ ಒಳ ಉದ್ದ, ಚಕ್ರದ ಉಬ್ಬುಗಳ ನಡುವಿನ ಅಗಲ, ಟೈಲ್‌ಗೇಟಿನ ಎತ್ತರ, ಈ ಮೂರು ಅಳತೆ ಬರೆದು ಕಳಿಸಿದರೆ ಹಲಗೆ ಕತ್ತರಿಸುವ ನಕ್ಷೆ ಹಾಕಿಕೊಡುತ್ತೇನೆ.